ಹತ್ತು ಆನೆ ಬಂದ ಮೇಲೆ

ನವೆಂಬರ್ 11, ಸೋಮವಾರ. ಬಸ್ಸಿನಲ್ಲಿ

ಸೀಟು ಸಿಕ್ಕಿತು. ಹಿಂದಿನ ಚಕ್ರದ ಮೇಲಿನದು. ಗುಂಡಿಗೊಂದು ಸ್ಪೆಲಿಂಗ್ ಮಿಸ್ಟೇಕ್. ಫೋನಿನಲ್ಲಿ ಟೈಪ್ ಮಾಡುವುದರಿಂದ ಬಚಾವು — ಒತ್ತಕ್ಷರ ಅದೇ ಹಾಕಿಕೊಡುತ್ತದೆ.

ಲ್ಯಾಬ್ ಮುಗಿಸಿ ಬರುವಾಗ ಎನ್ನೆಸ್ಸೆಸ್ ಗೋಪಿನಾಥ್ ಸರ್ ಕಾರಿಡಾರಿನಲ್ಲಿ ಹಿಡಿದರು. ಸಾನಮಾವು ಕಾಡಿನ ಪಕ್ಕ ಒಂದು ಊರಿದೆ, ತಮಿಳು ಸೀಮೆಯಾದರೂ ಅಲ್ಲಿ ಕನ್ನಡ ಶಾಲೆ. ಒಂದನೇ, ಎರಡನೇ ಕ್ಲಾಸಿನ ಮಕ್ಕಳಿಗೆ ರೀಡಿಂಗ್ ಕಾರ್ನರ್ ಮಾಡಬೇಕಂತೆ. ಮೂರು ಬಾಕ್ಸ್ ಪುಸ್ತಕ ಡೊನೇಷನ್ ಬಂದಿದೆ. ಅದರಲ್ಲಿ ಇಪ್ಪತ್ತೈದು ಒಳ್ಳೆಯದು ಆರಿಸಬೇಕು.

"ಸಹನಾ, ನೀ ಕನ್ನಡ ತಾನೇ?"

"ಯೆಸ್ ಸರ್."

"ಸೂಪರ್. ನೀನೇ ಸೆಲೆಕ್ಟ್ ಪಣ್ಣು." ಸರ್ ತಮಿಳಿನಲ್ಲಿ 'ಮಾಡು' ಅಂದರು.

ಕನ್ನಡವೇ. ಮಾತಿಗೆ. ಮೂರನೇ ಕ್ಲಾಸಿನಿಂದ ಕೃಷ್ಣಗಿರಿಯಲ್ಲಿ ಹಾಸ್ಟೆಲ್, ಇಂಗ್ಲಿಷ್ ಮೀಡಿಯಂ, ಸೆಕೆಂಡ್ ಲ್ಯಾಂಗ್ವೇಜ್ ತಮಿಳು. ಕನ್ನಡ ಅಕ್ಷರ ಬೇಸಿಗೆ ರಜೆಯಲ್ಲಿ ಅಮ್ಮ ಹೇಳಿಕೊಟ್ಟದ್ದು. ಈಗಲೂ ಸಾಲಿನ ಕೆಳಗೆ ಬೆರಳಿಟ್ಟು ಓದುತ್ತೇನೆ. ಯಾರೆದುರಾದರೂ ಜೋರಾಗಿ ಓದು ಅಂದರೆ ಬೆವರು. ಸರ್‌ಗೆ ಹೇಳಬೇಕಿತ್ತು. ಯಾಕೆ ಹೇಳಲಿಲ್ಲ...

ನವೆಂಬರ್ 12, ಸಂಜೆ

ಬಾಕ್ಸ್‌ಗಳು ಮನೆಗೆ ಬಂದವು. ಗೂಗಲ್ ಮಾಡಿದೆ. ಐದು ಬೆರಳಿನ ರೂಲ್ ಅಂತ ಇದೆ. ಮಗು ಒಂದು ಪುಟ ಓದಬೇಕು, ಕಷ್ಟದ ಪದ ಸಿಕ್ಕಾಗೆಲ್ಲ ಒಂದು ಬೆರಳು ಮಡಿಸಬೇಕು. ಐದೂ ಮಡಿಸಿದರೆ ಆ ಪುಸ್ತಕ ಆ ಮಗುವಿಗೆ ಬೇಡ.

ಟೆಸ್ಟಿಗೆ ಮಗು ಇರಲಿಲ್ಲ. ನನ್ನ ಮೇಲೇ ಮಾಡಿದೆ. ಮೊದಲ ಪುಸ್ತಕದ ಮೊದಲ ಪುಟಕ್ಕೇ ಬಲಗೈ ಮುಗಿಯಿತು. ಎರಡನೇ ಪುಟಕ್ಕೆ ಎಡಗೈ.

ಅಮ್ಮ ಸಾರಿನ ಸೌಟು ಹಿಡಿದು ಬಾಗಿಲಲ್ಲಿ ನಿಂತಿದ್ದಳು. "ಯಾರ್ ಮ್ಯಾಲೆ ಜಗಳಕ್ಕೋಯ್ತಿದ್ದೀಯೇ, ಎರಡೂ ಕೈ ಮುಷ್ಟಿ ಬಿಗ್ದು?"

ಆಮೇಲೆ ಹೊಳೆಯಿತು. ಹೊಸದಾಗಿ ಓದುವವರಿಗೆ ತಾನೇ ಆರಿಸಬೇಕಾದ್ದು? ನಾನೇ ಹೊಸದಾಗಿ ಓದುವವಳು. ನನ್ನ ಕೈಯೇ ಮೀಟರ್. ಊಟದ ಹೊತ್ತಿಗೆ ಒಂದು ಬಾಕ್ಸ್ ಖಾಲಿ. ಜೀವನದಲ್ಲಿ ಮೊದಲ ಸಲ ನನ್ನ ವೀಕ್‌ನೆಸ್ ಒಂದು ಕ್ವಾಲಿಫಿಕೇಷನ್ ಆಗಿದೆ.

ನವೆಂಬರ್ 14

ಇಪ್ಪತ್ನಾಲ್ಕು ಆಯಿತು. ಎಲ್ಲದರಲ್ಲೂ ನೀತಿ ಇದೆಯೇ ಅಂತ ನೋಡಿ ಟಿಕ್ ಹಾಕಿದ್ದೇನೆ. ಹಲ್ಲುಜ್ಜುವುದು, ಹಂಚಿ ತಿನ್ನುವುದು, ಸುಳ್ಳು ಹೇಳದಿರುವುದು. ತುಂಬಾ ಸೇಫ್.

ಇನ್ನೊಂದು ಬೇಕು. ಬೇಡ ಅಂತ ಪಕ್ಕಕ್ಕಿಟ್ಟ ಗುಡ್ಡೆಯಿಂದ ಒಂದು ತೆಳ್ಳಗಿನದನ್ನು ಎಳೆದೆ. 'ಓಡಿ ಬನ್ನಿ' ಅಂತ ಹೆಸರು. ಪುಟಕ್ಕೊಂದೇ ಸಾಲು. ಒಂದು ಬೆರಳೂ ಮಡಿಸಬೇಕಿಲ್ಲ. ನೀತಿ ಮಾತ್ರ ಸೊನ್ನೆ. ಸುಮ್ಮನೆ ಆನೆ ಬರುತ್ತದೆ. ಪುಟಕ್ಕೊಂದರಂತೆ ಬರುತ್ತಲೇ ಇರುತ್ತದೆ, ಹತ್ತರವರೆಗೆ. ಕೊನೆಯ ಪುಟ ಓದಿ ಒಬ್ಬಳೇ ನಕ್ಕೆ. ನಂಬರ್ ತುಂಬಲಿ ಅಂತ ಹಾಕಿಬಿಟ್ಟೆ.

ನವೆಂಬರ್ 15, ಶುಕ್ರವಾರ

ಶಾಲೆಗೆ ಹೋಗಿದ್ದೆ. ಎರಡು ಕ್ಲಾಸ್ ಸೇರಿ ಹತ್ತೊಂಬತ್ತು ಮಕ್ಕಳು, ಒಂದೇ ರೂಮು, ಒಬ್ಬರೇ ಟೀಚರ್ — ರಾಧಾಮಣಿ ಮಿಸ್. ಪುಸ್ತಕ ಚಾಪೆಯ ಮೇಲೆ ಹರಡಿದೆ. ಎಲ್ಲರೂ ಮುತ್ತಿಕೊಂಡರು. ಹತ್ತು ನಿಮಿಷಕ್ಕೆ ರಿಸಲ್ಟ್ ಬಂತು.

"ಅಕ್ಕಾ, ಈ ಬುಕ್ಕು ಕೊನೇಲಿ ಬೈತದೆ."

"ಇದೂ ಬೈತದೆ ಕಣ್ಲಾ."

"ಹಲ್ಲುಜ್ಜಿದ್ಲು, ಸರಿ. ಆಮ್ಯಾಕೆ ಏನಾಯ್ತಕ್ಕಾ?"

ಆಮೇಲೆ ಏನೂ ಆಗುವುದಿಲ್ಲ. ನಾನು ಟಿಕ್ ಹಾಕಿದ್ದೇ ಅದಕ್ಕೆ.

ಒಂದು ಹುಡುಗಿ ಮಾತ್ರ ಗೋಡೆಗೊರಗಿ ಕೂತಿದ್ದಳು. ತೊಡೆಯ ಮೇಲೆ 'ಓಡಿ ಬನ್ನಿ'. ಸಾಲಿನ ಕೆಳಗೆ ಬೆರಳು. ತುಟಿ ಅಲ್ಲಾಡುತ್ತಿದೆ, ದನಿ ಇಲ್ಲ.

"ಅವ್ಳು ಭಾನು, ಎರಡ್ನೇ ಕ್ಲಾಸು" ಅಂದರು ಮಿಸ್. "ಸೇರಿದಾಗ್ಲಿಂದ ಕ್ಲಾಸಲ್ಲಿ ಬಾಯಿ ಬಿಟ್ಟಿಲ್ಲಮ್ಮ. ಊರಲ್ಲೂ ಅಷ್ಟೇ. ಅಜ್ಜಿ ಹತ್ರ ಮಾತ್ರ ಪಿಸಪಿಸ."

ಪಕ್ಕದಲ್ಲಿ ಕೂತೆ. ಅವಳ ಬೆರಳು, ನನ್ನ ಬೆರಳು... ನೋಡಲಾಗಲಿಲ್ಲ. ಆ ಪುಸ್ತಕ ಮನೆಗೆ ಕೊಟ್ಟುಬಿಟ್ಟೆ. ವೆಬ್‌ಸೈಟಿನಲ್ಲಿ ಓದಿದ್ದನ್ನೇ ಹೇಳಿದೆ: "ದಿನಾ ಹದಿನೈದು ನಿಮಿಷ ಜೋರಾಗಿ ಓದ್ಬೇಕು. ಪಕ್ಕದ್ಮನೆಗೂ ಕೇಳ್ಬೇಕು, ಆಯ್ತಾ?"

ತುಂಬಾ ಸೀರಿಯಸ್ಸಾಗಿ ತಲೆಯಾಡಿಸಿದಳು.

ನವೆಂಬರ್ 21, ಗುರುವಾರ. ಬೆಳಿಗ್ಗೆ 8

ಕಾಲೇಜಿಗೆ ಹೋಗಲಾರೆ. ಎಲ್ಲಿಗೂ ಹೋಗಲಾರೆ.

ರಾಧಾಮಣಿ ಮಿಸ್ ಫೋನ್ ಮಾಡಿದ್ದರು. ನಿನ್ನೆ ಸಂಜೆ ಆರೂಕಾಲಿಗೆ ಭಾನು ತನ್ನ ಮನೆಯ ಜಗಲಿ ಮೇಲೆ ನಿಂತು ಓದಿದಳಂತೆ. ಜೋರಾಗಿ. ನಾನು ಹೇಳಿದ ಹಾಗೇ.

"ಓಡಿ ಬನ್ನಿ! ಆನೆ ಬಂತು!"

ರಾಗಿ ಕೊಯ್ಲಿನ ಕಾಲ. ಆ ಊರಿನಲ್ಲಿ ದೀಪ ಹಚ್ಚಿದ ಮೇಲೆ ಆ ಪ್ರಾಣಿಯ ಹೆಸರು ಯಾರೂ ಹೇಳುವುದಿಲ್ಲ. 'ದೊಡ್ಡೋರು' ಅನ್ನುತ್ತಾರೆ. ಹೆಸರು ಹಿಡಿದು ಕೂಗಿದರೆ ಕಣ್ಣೆದುರಿಗೇ ನಿಂತಿದೆ ಅಂತ ಅರ್ಥ. ನನಗೆ ಹೇಗೆ ಗೊತ್ತಿರಬೇಕು? ಹಾಸ್ಟೆಲಿನಲ್ಲಿ ವಾರ್ಡನ್ ಒಬ್ಬರದೇ ಹೆಸರನ್ನು ಹಾಗೆ ಹೇಳದೆ ಇರುತ್ತಿದ್ದೆವು.

ಊರು ಎದ್ದಿತು. ಟಾರ್ಚು, ತಮಟೆ, ಡಬ್ಬ, ಪಟಾಕಿ. ಹಿಂದಿನಿಂದ ಭಾನು — "ಒಂದಲ್ಲ, ಎರಡು!" ಜನ ಕೆರೆ ಕಟ್ಟೆ ತಲುಪುವಷ್ಟರಲ್ಲಿ ನಾಲ್ಕು. ಪಟಾಕಿ ಮುಗಿಯುವಷ್ಟರಲ್ಲಿ ಏಳು. ಹತ್ತು ಅಂದಾಗ ಫಾರೆಸ್ಟ್ ವಾಚರ್ ಜೀಪಿಗೆ ಫೋನ್ ಮಾಡಿದನಂತೆ. ಕೂಗುತ್ತಿರುವುದು ಯಾರು ಅಂತ ಒಬ್ಬರಿಗೂ ತಿಳಿಯಲಿಲ್ಲ. ಆ ದನಿಯನ್ನು ಊರಿನಲ್ಲಿ ಯಾರೂ ಕೇಳಿಯೇ ಇರಲಿಲ್ಲ.

ಇಡೀ ಊರು ಓಡಿದ್ದು ಚಿನ್ನಸ್ವಾಮಿಯವರ ಟೊಮೇಟೊ ತೋಟದ ನಡುವೆ. "ಹತ್ತು ವರ್ಷದಲ್ಲಿ ದೊಡ್ಡೋರು ತುಳಿದಿದ್ಕಿಂತ ಜಾಸ್ತಿ ನಿನ್ನೆ ಊರೋರೇ ತುಳಿದ್ಬುಟ್ರು" ಅಂದರು ಮಿಸ್. ಚಿನ್ನಸ್ವಾಮಿಯವರೇ ಶಾಲೆಯ ಕಮಿಟಿ ಮೆಂಬರ್. ಶನಿವಾರ ಮೀಟಿಂಗ್. ಆ ಪುಸ್ತಕ ಊರು ಬಿಡಬೇಕಂತೆ.

"ನಿನ್ನೆ ಮೊದಲ್ನೇ ಸಲ ಬಾಯ್ಬಿಟ್ಟವ್ಳಮ್ಮ. ಎಲ್ರೂ ಬೈದು ಮತ್ತೆ ಮುಚ್ಚಿಸವ್ರೆ. ಬುಕ್ಕೂ ಕಿತ್ಕೊಂಡ್ರೆ ಮುಗೀತು, ಇನ್ ಮಾತಾಡಲ್ಲ ಅವ್ಳು."

ಗೋಪಿನಾಥ್ ಸರ್ ಮೆಸೇಜ್: ಹೋಗು, ಸಾರಿ ಹೇಳು, ಬುಕ್ ತೆಗೆದುಕೊಂಡು ಬಾ.

ನವೆಂಬರ್ 23, ಶನಿವಾರ. ಬೆಳಿಗ್ಗೆ 6

ಕನ್ನಡಿ ಮುಂದೆ ಪ್ರಾಕ್ಟೀಸ್. "ಎಲ್ಲರಿಗೂ ನಮಸ್ಕಾರ. ಪುಸ್ತಕ ಇರಲಿ. ಅದು ಭಾನುಗೆ..." ಇಲ್ಲಿಗೆ ಮಾತು ನಿಲ್ಲುತ್ತದೆ. ನಾಲ್ಕು ಸಲವೂ ಇಲ್ಲಿಗೇ. ಅಮ್ಮ ಕಾಫಿ ಇಟ್ಟು ಹೋದಳು. ಆರಿ ಹೋಯಿತು.

ಅದೇ ದಿನ. ಮಧ್ಯಾಹ್ನ 1.40, ಬಸ್ ಸ್ಟಾಪು

ಮೊದಲು ಇದನ್ನು ಬರೆದುಬಿಡಬೇಕು.

ನಲವತ್ತು ಜನ ಇದ್ದರು. ಭಾನು ಅಜ್ಜಿ ಅಂಜಿನಮ್ಮನ ಸೆರಗಿನ ಹಿಂದೆ, ಪುಸ್ತಕ ಎದೆಗವಚಿಕೊಂಡು. ಚಿನ್ನಸ್ವಾಮಿ ಒಂದು ಕ್ರೇಟ್ ಜಜ್ಜಿದ ಟೊಮೇಟೊ ತಂದು ಮೇಜಿನ ಮೇಲಿಟ್ಟಿದ್ದರು. ಎವಿಡೆನ್ಸ್.

"ಎಲ್ಲರಿಗೂ ನಮಸ್ಕಾರ. ಪುಸ್ತಕ ಇರಲಿ..." ಅಷ್ಟೇ ಬಂತು.

"ಇರ್ಲಿ ಅಂದ್ರೆ? ಅದ್ರಾಗೆ ಏನ್ ಬರ್ದದೆ ಅಂತ ಓದು ನೋಡಾನ" ಅಂದರು ಚಿನ್ನಸ್ವಾಮಿ. "ಊರಿಗೇ ಬೆಂಕಿ ಹಚ್ಚಿದ ಬುಕ್ಕು. ಎಲ್ರೂ ಕೇಳ್ಲಿ."

ಭಾನು ಪುಸ್ತಕ ಕೊಟ್ಟಳು. ಬೆರಳಿಟ್ಟೆ. ಒಂದು ಬೆರಳೂ ಮಡಿಸಬೇಕಿಲ್ಲದ ಪುಸ್ತಕ. ನಲವತ್ತು ಜನ ನೋಡುತ್ತಿದ್ದರೆ ಎಲ್ಲ ಅಕ್ಷರವೂ ಒತ್ತಕ್ಷರ.

"ಓ... ಓಡಿ... ಬ..."

"ಕಾಲೇಜಾ ನೀನು?" ಮತ್ತೆ ಚಿನ್ನಸ್ವಾಮಿ.

ಎಲ್ಲರೂ ನಕ್ಕರು. ಬೆವರು ಪುಟದ ಮೇಲೆ ಬಿತ್ತು. ನಿಜ ಹೇಳಿಬಿಟ್ಟೆ. "ನಂಗೂ ಸರಿಯಾಗಿ ಓದಕ್ಕೆ ಬರಲ್ಲ ಅಂಕಲ್. ಭಾನು ನನಗಿಂತ ಚೆನ್ನಾಗಿ ಓದ್ತಾಳೆ. ನೀವೇ ಕೇಳಿದ್ದೀರಲ್ಲ."

ನಗು ನಿಂತಿತು. ಭಾನು ನನ್ನ ಕಡೆ ನೋಡಿದಳು. ಆಮೇಲೆ ಬಂದು ಕೈಯಿಂದ ಪುಸ್ತಕ ತೆಗೆದುಕೊಂಡಳು. ನನ್ನ ಮೇಲೆ ಕನಿಕರ, ಅಷ್ಟೇ.

ಓದಿದಳು! ಎರಡಲ್ಲ, ಮೂರು. ಮೂರಲ್ಲ, ನಾಲ್ಕು. ಐದಕ್ಕೆ ಹೆಂಗಸರು ಮುಂದಕ್ಕೆ ಸರಿದರು. ಎಂಟಕ್ಕೆ ಯಾರೋ "ಅಯ್ಯೋ ರಾಗಿ" ಅಂದರು. ಹತ್ತು. ಅಲ್ಲಿ ನಿಲ್ಲಿಸಿದಳು. ಮೊನ್ನೆಯೂ ಜನ ಬಂದು ಬೈದು ಓದು ನಿಲ್ಲಿಸಿದ್ದು ಅಲ್ಲಿಗೇ. ಮುಂದಿನದು ಊರಿನಲ್ಲಿ ಬೇರೆ ಯಾರಿಗೂ ಗೊತ್ತಿಲ್ಲ.

"ಆಮ್ಯಾಕೆ?" ಚಿನ್ನಸ್ವಾಮಿ.

ಭಾನು ಕೊನೆಯ ಪುಟ ತಿರುಗಿಸಿದಳು. ಬೆರಳಿಟ್ಟು ಮನಸ್ಸಿನಲ್ಲೇ ಓದಿಕೊಂಡಳು. ನಕ್ಕಳು. ಪುಸ್ತಕ ಮುಚ್ಚಿದಳು.

"ಮಿಕ್ಕಿದ್ದು ಸೋಮವಾರ."

"ಏಯ್! ಹತ್ತು ಬಂದವೆ, ಹಂಗೇ ನಿಲ್ಸಿ ಹೋಯ್ತೀಯಾ? ಯಾಕ್ ಬಂದ್ವು, ಹೇಳ್ಬುಟ್ಟು ಹೋಗವ್ವ!" ಚಿನ್ನಸ್ವಾಮಿ ಎದ್ದೇ ನಿಂತರು.

"ಅವ್ಳನ್ನ ಬೈದೋರ್ಗೆ ಇವತ್ತೇ ಹೇಳ್ಬೇಕಾ? ಸೋಮವಾರ ಬಾ" ಅಂದರು ಅಂಜಿನಮ್ಮ. "ಪುಸ್ತಕ ಇರ್ಲಿ. ದೀಪ ಹಚ್ಚಿದ್ಮ್ಯಾಲೆ ಓದೋದಾದ್ರೆ ಹೆಸ್ರು ಹಿಡೀಬ್ಯಾಡ, 'ದೊಡ್ಡೋರು ಬಂದ್ರು' ಅಂತ ಮರ್ವಾದೆಯಾಗಿ ಓದು ಮಗ."

ಬರೆದದ್ದನ್ನು ಬರೆದ ಹಾಗೆ ಓದಿಸಬೇಕು ಅಂತ ವೆಬ್‌ಸೈಟ್ ಹೇಳುತ್ತದೆ. ನಾನು ಅಂಜಿನಮ್ಮನಿಗೆ ತಲೆಯಾಡಿಸಿದೆ. ಪುಸ್ತಕ ವಾಪಸ್ ತೆಗೆದುಕೊಂಡು ಹೋಗು ಅಂತ ಮತ್ತೆ ಯಾರೂ ಹೇಳಲಿಲ್ಲ.

ನವೆಂಬರ್ 24, ಭಾನುವಾರ. 11.15

ಹೊಸ ಲಿಸ್ಟ್ ಶುರು ಮಾಡಿದ್ದೇನೆ. ನೀತಿಯ ಟಿಕ್ ತೆಗೆದೆ. ಈಗ ಒಂದೇ ಪ್ರಶ್ನೆ — ಪುಟ ತಿರುಗಿಸದೆ ಇರಲು ಆಗುತ್ತದೆಯೇ? ಇಪ್ಪತ್ನಾಲ್ಕರಲ್ಲಿ ಉಳಿದದ್ದು ಮೂರು. ಬಾಕ್ಸ್‌ಗಳನ್ನು ಮತ್ತೆ ಬಿಚ್ಚಬೇಕು.

ಈಗ ಫೋನ್ ಬಂತು. ಗೊತ್ತಿಲ್ಲದ ನಂಬರ್.

"ಯಮ್ಮಾ, ನಾನು ಚಿನ್ನಸ್ವಾಮಿ. ಟೀಚರಮ್ಮ ನಂಬರ್ ಕೊಟ್ರು. ನಿನ್ನೆ ಸಂಜೆ ಆ ಮಗು ಮನೇಗೆ ಹೋಗಿದ್ದೆ. ದೀಪ ಹಚ್ಚಾಯ್ತು, ಆ ಮಾತೆತ್ತಬ್ಯಾಡ ಅಂತ ಅಜ್ಜಿ ಬಾಗ್ಲು ಹಾಕ್ಕೊಂಡ್ಳು. ಬೆಳಿಗ್ಗೆ ಹೋದ್ರೆ ಮಗು ಬುಕ್ಕಿನ ಕೊನೇ ಪುಟದ ಬೊಂಬೆ ಮಾತ್ರ ತೋರುಸ್ತು. ಹತ್ತೂ ಸುತ್ತ ಕುಂತವೆ. ಯಾಕ್ ಕುಂತವೆ? ನಾನು ತಮಿಳು ಓದಿದೋನು, ಕನ್ನಡ ಅಕ್ಷರ ಬರಾಕಿಲ್ಲ."

"ನಾಳೆ ಶಾಲೆಗೆ ಬನ್ನಿ ಅಂಕಲ್. ಭಾನು ಓದ್ತಾಳೆ."

"ನಾಳೆ ಟೊಮೇಟೊ ಲೋಡು ಅದೆ ಕಣಮ್ಮ! ಒಂದೇ ಸಾಲು. ಯಾರ್ಗೂ ಹೇಳಲ್ಲ."

ಇಲ್ಲ ಅಂದೆ. ಯಾರಿಗಾದರೂ ಇಲ್ಲ ಅಂದದ್ದು ಈ ವರ್ಷ ಇದೇ ಮೊದಲು. ಅದು ಭಾನು ಓದಬೇಕಾದ ಸಾಲು. ಆದರೂ ಪಾಪ... ನಿನ್ನೆಯಿಂದ ಸರಿಯಾಗಿ ಊಟ ಸೇರುತ್ತಿಲ್ಲವಂತೆ. ಆ ಸಾಲನ್ನು ಇಲ್ಲಿ ಬರೆದಾದರೂ ಇಟ್ಟುಕೊಳ್ಳುತ್ತೇನೆ. ಹತ್ತು ಆನೆ ಅಲ್ಲಿಗೆ ಬಂದದ್ದು

ಮತ್ತೆ ಫೋನ್. ಅದೇ ನಂಬರ್—