ಪೂಲಿನ ಗಿಲಾವು, ಹಂಪವ್ವನ ಅರಿಶಿನ

ಫೆಬ್ರುವರಿ 12, ಗುರುವಾರ. ಸಂಜೆ

ನಾನು ಈಜು ಕಲಿಸುವ ಲೇಡೀಸ್ ಬ್ಯಾಚಿಗೆ ಇವತ್ತೂ ರಜೆ. ಪೂಲ್ ಖಾಲಿ. ಗಂಗಾವತಿಯಿಂದ ಪ್ರಭುರಾಜನ ಕ್ಲೀನಿಂಗ್ ಕಂಪನಿ ಬಂದಿದೆ. ಟೀ ಶರ್ಟಿನ ಬೆನ್ನಿಗೆ 'ಪ್ರೊಫೆಷನಲ್' ಅಂತ ಬರೆಸಿಕೊಂಡಿದ್ದಾರೆ. ಗಿಣಿಗೇರಾ ಕಾರ್ಖಾನೆಗಳ ಕಡೆಯಿಂದ ಬಂದು ಕೂತ ಕರಿ ಧೂಳು, ಮೂಲೆಯ ಪಾಚಿ... ತೆಗೆಯಲೇಬೇಕಿತ್ತು. ಅದು ಸರಿ.

ಆದರೆ ಅವನ ಆಳುಗಳು ತೇಜಾಬಿನ, ಅಂದರೆ ಆ್ಯಸಿಡ್ಡಿನ, ಕ್ಯಾನನ್ನು ಅಂಚಿನ ಮೇಲಿಂದ ಹಾಗೇ ಬಗ್ಗಿಸಿದರು. ನೀರು ಬೆರೆಸಲಿಲ್ಲ. ಬುಸಬುಸ ನೊರೆ, ಹೊಗೆ, ಕಣ್ಣುರಿ. ಸುರಿದು ಊಟಕ್ಕೆ ಹೋದರು! ಪ್ರಭುರಾಜನಿಗೆ ಫೋನ್ ಹಚ್ಚಿ ಕೇಳಿದೆ, ಇಷ್ಟು ಹೊತ್ತು ಬಿಡಬಹುದಾ ಅಂತ.

"ನೀವು ಈಜು ಕಲಸ್ರಿ ಮೇಡಂ. ಕ್ಲೀನಿಂಗ್ ನಮಗ ಬಿಡ್ರಿ."

ಬಿಟ್ಟೆ.

ಸಂಜೆ ಬಂದು ತೊಳೆದರು. ಬೆಳ್ಳಗಾಗಿದೆ, ಸುಳ್ಳು ಹೇಳಬಾರದು. ಪ್ರಭುರಾಜ ವಿಡಿಯೋ ಮಾಡಿ ಸ್ಟೇಟಸ್‌ಗೆ ಹಾಕಿದ್ದಾನೆ.

ಫೆಬ್ರುವರಿ 16, ಸೋಮವಾರ

ನೀರು ತುಂಬಿತು. ಬ್ಯಾಚ್ ಶುರುವಾಯಿತು, ಅರ್ಧ ಗಂಟೆಯಲ್ಲಿ ಮುಗಿಯಿತು.

ಮೊದಲು ಇಳಿದವಳು ನಾಹೀದಾ. ಡಿಗ್ರಿ ಕಾಲೇಜಿನಲ್ಲಿ ಪಾಠ ಮಾಡುವವಳು, ನೀರೆಂದರೆ ಪ್ರಾಣ ಹೋಗುವಷ್ಟು ಭಯ. ಹೋದ ತಿಂಗಳಷ್ಟೇ ತೇಲುವುದು ಕಲಿತಿದ್ದಳು. ಎರಡು ಹೆಜ್ಜೆಗೆ "ಅಯ್ಯಮ್ಮಾ" ಅಂದು ಕಾಲೆತ್ತಿದಳು. ಅಂಗಾಲು ತರಚಿ ರಕ್ತ. ಇಳಿದವರದೆಲ್ಲ ಅದೇ ಗತಿ. ತಳಕ್ಕೆ ಕೈ ಹಾಕಿ ನೋಡಿದೆ. ಆಗಷ್ಟೇ ಉಳಿ ಹೊಡೆಸಿದ ಬೀಸುಕಲ್ಲಿನಂತಾಗಿದೆ. ಉಗುರಲ್ಲಿ ಕೆರೆದರೆ ಮೇಲೆ ಬಳಿದ ಸಿಮೆಂಟಿನ ಗಿಲಾವು ಪುಡಿಪುಡಿ ಬರುತ್ತದೆ. ನೀರೆಲ್ಲ ಮಜ್ಜಿಗೆ ಬಣ್ಣ.

ತೇಜಾಬು ತಿಂದು ಹಾಕಿದೆ. ಇಷ್ಟು ನುಣುಪಾಗಿದ್ದ ಗಿಲಾವು...

ಫೆಬ್ರುವರಿ 18, ಬುಧವಾರ

ಎರಡು ಸಲ ಬರೆದು ಹೊಡೆದುಹಾಕಿದೆ, ಸಿಟ್ಟಿಗೆ.

ನಮ್ಮ ಲೇಔಟ್ ಸಂಘದ ಸೆಕ್ರೆಟರಿ ಗವಿಸಿದ್ದಪ್ಪನವರು ಪ್ರಭುರಾಜನನ್ನು ಕರೆಸಿದ್ದರು. ಬ್ಯಾಚಿನ ಹೆಂಗಸರೂ ಇದ್ದರು, ಎಲ್ಲರೂ. ಅವನು ಕೂಲಿಂಗ್ ಗ್ಲಾಸ್ ತೆಗೆಯದೇ ಪೂಲಿನ ಸುತ್ತ ಒಂದು ರೌಂಡ್ ಹೊಡೆದ. ಬಂದು ಹಂಪವ್ವನ ಮುಂದೆ ನಿಂತ. ಹಂಪವ್ವ ಕಿನ್ನಾಳದವಳು. ಮೊಣಕಾಲು ನೋವಿಗೆ ಡಾಕ್ಟರ್ ಈಜು ಅಂದರು ಅಂತ ಮಗಳ ಮನೆಯಲ್ಲಿದ್ದು ಬರುತ್ತಾಳೆ. ಗಲ್ಲಕ್ಕೆ, ಪಾದಕ್ಕೆ ಅರಿಶಿನ ಹಚ್ಚದೆ ಮನೆಯಿಂದ ಹೊರಗೆ ಕಾಲಿಡುವವಳಲ್ಲ.

"ಇದ ನೋಡ್ರಿ ಸರ್ ನಿಮ್ಮ ಪ್ರಾಬ್ಲಮ್ಮು," ಅಂದ. ಅವಳ ಗಲ್ಲಕ್ಕೆ ಬೆರಳು ತೋರಿಸಿ! "ಅರಿಷಿಣ. ತಲಿ ಎಣ್ಣಿ. ದಿನಾ ಇದನ್ನ ತೊಗೊಂಡು ನೀರಾಗ ಬಿದ್ರ ಯಾವ ಗಿಲಾವು ತಡಿತೈತಿ?"

ತೇಜಾಬಿನ ಮಾತೆತ್ತಿದೆ. ತೇಜಾಬು ಹಾಕೇ ಇಲ್ಲ, ಬರೀ ಶಾಂಪೂ ವಾಶ್ ಅಂದ. ಮುಖಕ್ಕೆ ಮುಖ ಕೊಟ್ಟು ಸುಳ್ಳು. ಗವಿಸಿದ್ದಪ್ಪನವರು ನನ್ನನ್ನು ನೋಡಲಿಲ್ಲ. ನೆಲ ನೋಡುತ್ತಲೇ ಹೇಳಿದರು: ಪೂಲ್ ಖಾಲಿ ಮಾಡಿ ಬೀಗ ಹಾಕುವುದು, ರಿಪೇರಿ ಆದ ಮೇಲೆ ಗಂಡಸರ ಬ್ಯಾಚ್ ಮಾತ್ರ. ಲೇಡೀಸ್ ಬ್ಯಾಚ್ ಬಂದ್.

ಇದನ್ನು ಶುರು ಮಾಡಿಸುವುದಕ್ಕೆ ಯಾರ್‍ಯಾರ ಮನೆಗೆ ಹೋಗಿ ಎಷ್ಟು ಚಹಾ ಕುಡಿದಿದ್ದೆ. ಒಬ್ಬೊಬ್ಬರ ಅತ್ತೆಗೂ ನೈಟಿ ಬೇರೆ, ಈಜುವ ಡ್ರೆಸ್ ಬೇರೆ ಅಂತ ತಿಳಿಸಿ ಹೇಳಿದ್ದೆ. ಒಮ್ಮೆ ನಿಂತರೆ ಮುಗಿಯಿತು. ಮನೆಯವರು ಮತ್ತೆ ಕಳಿಸುವುದಿಲ್ಲ.

ಹಂಪವ್ವ ಎದ್ದಳು. ನಲ್ಲಿಗೆ ಹೋಗಿ ಗಲ್ಲ ತೊಳೆದುಕೊಂಡಳು. ಅದನ್ನು ನೋಡಿದೆನಲ್ಲ, ಆವಾಗಲೇ ನಿರ್ಧಾರ ಮಾಡಿದೆ. ಪ್ರಭುರಾಜ, ನಿನ್ನನ್ನು ಬಿಡುವುದಿಲ್ಲ.

ಫೆಬ್ರುವರಿ 27, ಶುಕ್ರವಾರ

ಏನು ಮಾಡಲಿ? ಅವನ ಗಾಡಿಯ ಟೈರ್ ಗಾಳಿ ತೆಗೆಯುವುದು, ಗೂಗಲ್‌ನಲ್ಲಿ ಒಂದು ಸ್ಟಾರ್ ಕೊಡುವುದು... ಥೂ, ಮಕ್ಕಳಾಟ.

ಇವತ್ತು ಗೊತ್ತಾದದ್ದು: ಮಾರ್ಚ್ 8ಕ್ಕೆ ಪ್ರಭುರಾಜನ ಮಗನ ಮದುವೆಯ ಹಳದಿ ಫಂಕ್ಷನ್. ಎಲ್ಲಿ? ನಮ್ಮ ಪೂಲಿನಲ್ಲಿ! ಸಂಘದವರು ಜನವರಿಯಲ್ಲೇ ಹೂಂ ಅಂದಿದ್ದಾರಂತೆ. ಖಾಲಿ ಆದದ್ದೇ ಒಳ್ಳೆಯದಾಯಿತು, ಆಳ ಕಮ್ಮಿ ಇರುವ ಕಡೆ ಸ್ಟೇಜು, ವಿಡಿಯೋದಲ್ಲಿ ಬಿಳಿ ಬ್ಯಾಕ್‌ಗ್ರೌಂಡ್ ಭಾರಿ ಬರುತ್ತದೆ ಅಂತ ಕುಣಿಯುತ್ತಿದ್ದಾನಂತೆ. ಈಗ ಅರ್ಥವಾಯಿತು, ತೇಜಾಬು ಯಾಕೆ ಹಾಗೆ ಸುರಿಸಿದ ಅಂತ. ಮಗನ ವಿಡಿಯೋಕ್ಕೆ ಬೆಳ್ಳಗಾಗಬೇಕಿತ್ತು.

ಹಂಪವ್ವನ ಗಲ್ಲದ ಅರಿಶಿನ ಗಿಲಾವು ತಿನ್ನುತ್ತದೆ. ಇವನ ಮಗನ ಮೈಯ ಅರಿಶಿನ ತಿನ್ನುವುದಿಲ್ಲ. ನಾಚಿಕೆ ಬೇಡವಾ?

ಮಾರ್ಚ್ 2, ಸೋಮವಾರ. ಮಧ್ಯಾಹ್ನ

ಬರೆಯಲು ಕೂತರೆ ನಗು ಬರುತ್ತಿದೆ. ಬಹಳ ದಿನದ ಮೇಲೆ.

ಹಂಪವ್ವ ಬಂದಿದ್ದಳು. ಕೈಯಲ್ಲಿ ಬಟ್ಟಲು, ಬಟ್ಟಲಲ್ಲಿ ಕಲಸಿದ ಅರಿಶಿನ. "ಬೀಗ ತಗಿ ಸುನಿತಾ. ನನ್ನ ಅರಿಷಿಣ ಹೆಂಗ ಗಿಲಾವು ತಿಂತೈತಿ, ನಾನೂ ಒಂದ ಸಲ ನೋಡ್ತೀನಿ." ಅಷ್ಟು ದಿನ ಒಳಗೇ ಕುದಿಯುತ್ತಿದ್ದಳು ಪಾಪ. ನಾಹೀದಾ ರಂಜಾನ್ ರೋಜಾ ಹಿಡಿದವಳು, ಬಿಸಿಲು ಬೇಡ ಅಂದರೂ ಜೊತೆಗೆ ಬಂದಳು. ಮೂವರೂ ಇಳಿದೆವು.

ಹಂಪವ್ವ ಮೊದಲು ಮೆಟ್ಟಿಲಿಗೆ ಬಳಿದಳು. ಅಲ್ಲಿ ತೇಜಾಬು ಬಿದ್ದಿಲ್ಲ, ಇನ್ನೂ ನುಣುಪಿದೆ. ಹಳದಿ ಹಳದಿಯಾಗಿಯೇ ಉಳಿಯಿತು. ಆಮೇಲೆ ಗೋಡೆಯ ತರಕಲು ಜಾಗಕ್ಕೆ ಬಳಿದಳು. ನೋಡನೋಡುತ್ತಲೇ ಕೆಂಪು!

ನಾಹೀದಾ ಬೆರಳಿನಿಂದ ಮುಟ್ಟಿ ನೋಡಿದಳು. ಆಮೇಲೆ ಹಂಪವ್ವ ಕಿಸಕ್ಕನೆ ನಕ್ಕಳು. "ಆರತಿ ನೀರು."

ಮತ್ತೇನು? ಆರತಿ ತಟ್ಟೆಗೆ ನಾವೇ ಕಲಸುತ್ತೇವಲ್ಲ, ಅರಿಶಿನಕ್ಕೆ ಚಿಟಿಕೆ ಸುಣ್ಣ ಹಾಕಿದರೆ ಕೆಂಪು. ತೇಜಾಬು ಮೇಲಿನ ಪದರ ತಿಂದಿದೆ. ಒಳಗಿನ ಸಿಮೆಂಟು ಹೊರಬಿದ್ದಿದೆ, ಅದರದೂ ಸುಣ್ಣದ್ದೇ ಗುಣ. ಕ್ಯಾನ್ ಎಲ್ಲೆಲ್ಲಿ ಬಗ್ಗಿಸಿದರೋ ಅಲ್ಲಲ್ಲೇ ಕೆಂಪಾಗುತ್ತದೆ, ಬೇರೆಲ್ಲೂ ಇಲ್ಲ.

ನಾಹೀದಾ ಈಗಲೇ ಸೆಕ್ರೆಟರಿಯವರನ್ನು ಕರೆಯೋಣ ಅಂದಳು. ಕರೆಯಬಹುದಿತ್ತು. ಇವತ್ತೇ ಮುಗಿಯುತ್ತಿತ್ತು.

ಬೇಡ ಅಂದೆ. ಅವನು ಮಾತಾಡಿದ್ದು ಎಲ್ಲರ ಮುಂದೆ. ಅವನಿಗೂ ಮಂಗಳಾರತಿ ಎಲ್ಲರ ಮುಂದೆಯೇ ಆಗಬೇಕು. ಬೀಗರ ಮುಂದೆ. ನಾಹೀದಾ ಅಂದಳು: "ಸುನಿತಕ್ಕಾ, ಆ ಹುಡುಗಂದು ಏನ್ ತಪ್ಪೈತಿ?"

ಏನೂ ಇಲ್ಲ. ಹುಡುಗನ ಕಾಲಿಗೆ ಏನೂ ಆಗದಂತೆ ಕೆಳಗೆ ದಪ್ಪ ಜಮಖಾನೆ ಹಾಸಿಸುತ್ತೇನೆ. ಅದಕ್ಕಿಂತ ಹೆಚ್ಚು ಒಳ್ಳೆಯವಳಾಗಲು ನನ್ನಿಂದ ಆಗದು. ಗೋಡೆ ತೊಳೆದು ಬೀಗ ಹಾಕಿದೆವು.

ಮಾರ್ಚ್ 8, ಭಾನುವಾರ. ಬೆಳಿಗ್ಗೆ

ಸಂಘದ ಗ್ರೂಪಿನಲ್ಲಿ ಗುಲಾಬಿ ಹೂವಿನ ಚಿತ್ರ, ಮಹಿಳಾ ದಿನದ ಶುಭಾಶಯ. ಬ್ಯಾಚ್ ಬಂದ್ ಮಾಡಿದವರೇ ಕಳಿಸಿದ್ದು. ನಾನೂ ಕೈಮುಗಿಯುವ ಇಮೋಜಿ ಹಾಕಿದೆ.

ಜಮಖಾನೆ ಹಾಸಿಸಿದ್ದೇನೆ. ಸ್ಟೇಜು ಗೋಡೆಯ ಬುಡದಲ್ಲೇ ಬರಲಿ, ನೆರಳಿರುತ್ತದೆ ಅಂದೆ. ಪ್ರಭುರಾಜ ಥ್ಯಾಂಕ್ಸ್ ಬೇರೆ ಹೇಳಿದ. ಮಾತು ಬಿಟ್ಟಾಕ್ರಿ ಮೇಡಂ, ನಾವೆಲ್ಲ ಒಂದೇ ಊರವರಿದ್ದಂಗ, ಅಂತ.

ಅದೇ ದಿನ. ಮಧ್ಯಾಹ್ನ

ಆಯಿತು. ಹೊಟ್ಟೆ ತಣ್ಣಗಾಯಿತು.

ಬೀಗರು ಕುಷ್ಟಗಿಯವರು, ಎರಡು ಗಾಡಿ ಮಾಡಿಕೊಂಡು ಬಂದಿದ್ದರು. ಹೆಂಗಸರು ಹುಡುಗನಿಗೆ ಅರಿಶಿನ ಹಚ್ಚುವವರೆಗೂ ಎಲ್ಲ ಸರಿಯಿತ್ತು. ಆಮೇಲೆ ಅವನ ಗೆಳೆಯರು ಅರಿಶಿನದ ನೀರಿನ ಕೊಡ ಎತ್ತಿದರು. ಅವನ ಮೇಲೆ ಸುರಿದದ್ದು ಕಮ್ಮಿ, ಗೋಡೆಗೆ ಎರಚಿದ್ದೇ ಹೆಚ್ಚು.

ಗೋಡೆ ಮೇಲಿಂದ ಕೆಳಗೆ ಪಟ್ಟಿ ಪಟ್ಟಿಯಾಗಿ ಕೆಂಪಾಯಿತು. ಅಂಚಿನಿಂದ ಹೊರಟು ತಳದವರೆಗೆ. ಡಿಜೆ ನಿಂತಿತು. ಬೀಗರ ಕಡೆಯ ಮುದುಕಿಯೊಬ್ಬಳು ಎದೆ ಹಿಡಿದುಕೊಂಡು ಕೂತಳು, ಗೋಡೆಗೆ ರಕ್ತ ಬಂದೈತಿ, ಈ ಮದುವಿ ಬ್ಯಾಡ್ರಿ ಅಂತ. ಪ್ರಭುರಾಜ, ಹೋಳಿ ಬಣ್ಣ ಉಳಿದಿರಬೇಕು ಅಂದ. ನಾನು ಮೇಲೆ ಅಂಚಿನಲ್ಲೇ ನಿಂತಿದ್ದೆ. ಪೂಲಿಗೆ ಹೋದ ತಿಂಗಳು ಹದಿನೆಂಟರಿಂದ ಬೀಗ ಹಾಕಿದೆ, ಇಲ್ಲಿ ಯಾರೂ ಹೋಳಿ ಆಡಿಲ್ಲ ಅಂದೆ. ಮೆಲ್ಲಗೇ ಅಂದೆ.

ಬೀಗರು ಮುಖ ಮುಖ ನೋಡಿಕೊಂಡರು. ಹುಡುಗಿಯ ಅಪ್ಪ ಗಾಡಿ ಕೀಲಿ ಕೈಗೆ ತೆಗೆದುಕೊಂಡ. ಆಗ ಪ್ರಭುರಾಜನ ಹೆಂಡತಿ ಮಲ್ಲೇಶ್ವರಿ ಗಂಡನ ಎದುರಿಗೆ ಬಂದು ನಿಂತಳು. ಅಲ್ಲಿಯವರೆಗೆ ಅವಳ ದನಿಯನ್ನೇ ಯಾರೂ ಕೇಳಿರಲಿಲ್ಲ.

"ಖರೆ ಹೇಳ್ರಿ. ಇದು ಅಪಶಕುನ ಏನು, ನೀವು ಮಾಡಿದ್ದೇನು?"

ಎರಡರಲ್ಲಿ ಒಂದು: ಅಪಶಕುನ ಅಂದರೆ ಮದುವೆ ಹೋಗುತ್ತದೆ, ತಾನೇ ಮಾಡಿದ್ದು ಅಂದರೆ ಮಾನ. ಮೂರನೆಯದು ಇರಲಿಲ್ಲ. ಅವನು ಕೂಲಿಂಗ್ ಗ್ಲಾಸ್ ತೆಗೆದ.

"ತೇಜಾಬ್ರಿ. ನಮ್ಮ ಹುಡುಗ್ರು ನೀರು ಬೆರಸದ ಹಾಕ್ಯಾರ. ನಾನ ಹಾಕಸೀನಿ. ಗಿಲಾವು ತಿಂದೈತಿ, ಅದಕ್ಕ ಅರಿಷಿಣ ಕೆಂಪಾಗೈತಿ. ಬ್ಯಾರೆ ಏನೂ ಅಲ್ರಿ."

ಗವಿಸಿದ್ದಪ್ಪನವರ ಕೈಯಲ್ಲಿ ಬಾದಾಮಿ ಹಾಲಿನ ಲೋಟ ಹಾಗೇ ಇತ್ತು. ಹಂಪವ್ವ ಗೇಟಿನ ಹತ್ತಿರ ನಿಂತಿದ್ದಳು, ಗಲ್ಲದ ತುಂಬ ಅರಿಶಿನ. ಇಳಿದು ಬಂದು ಬೀಗರ ಮುದುಕಿಯ ಪಕ್ಕ ಕೂತು, ಏನಿಲ್ಲವ್ವಾ, ಆರತಿ ಆತು ಅಂತ ತಿಳ್ಕೋ, ದೃಷ್ಟಿ ಹೋತು ಅಂತ ಸಮಾಧಾನ ಮಾಡಿದಳು. ಮದುವೆ ಉಳಿಯಿತು. ನಾನು ಅದಕ್ಕಾಗಿ ಏನೂ ಮಾಡಲಿಲ್ಲ. ಹುಡುಗಿಯ ಅಪ್ಪನ ಗಾಡಿ ಕೀಲಿ ಮತ್ತೆ ಜೇಬಿಗೆ ಹೋಗುವವರೆಗೂ ಪ್ರಭುರಾಜನ ಮುಖವನ್ನೇ ನೋಡುತ್ತ ನಿಂತಿದ್ದೆ.

ಮಾರ್ಚ್ 10, ಮಂಗಳವಾರ

ಗವಿಸಿದ್ದಪ್ಪನವರು ಮನೆಗೇ ಬಂದರು. ಲೇಡೀಸ್ ಬ್ಯಾಚ್ ಮತ್ತೆ ಶುರು. ಗಿಲಾವು ಪೂರ್ತಿ ಕಿತ್ತು ಹೊಸದಾಗಿ ಪ್ರಭುರಾಜನೇ ಮಾಡಿಸಿಕೊಡಬೇಕು. ಒಪ್ಪಿದ್ದಾನಂತೆ. ಒಂದು ಷರತ್ತು ನನ್ನದು ಅಂದೆ: ಕೆಲಸ ಸರಿಯಾಗಿದೆ ಅಂತ ಹೇಳುವವಳು ನಾನು, ಅವನಲ್ಲ.

ಏಪ್ರಿಲ್ 6, ಸೋಮವಾರ

ಹೊಸ ಗಿಲಾವು ನೋಡಿ ಪಾಸು ಮಾಡುವ ದಿನ. ಬ್ಯಾಚಿನವರೆಲ್ಲ ಬಂದಿದ್ದರು, ಅಂಚಿನಲ್ಲಿ ಸಾಲಾಗಿ ಕೂತರು. ಹೊಸ ಮುಖವೂ ಒಂದಿತ್ತು, ನಾನು ಸರಿಯಾಗಿ ನೋಡಲಿಲ್ಲ.

ಪ್ರಭುರಾಜ ಕೈ ಸವರಿ ನೋಡ್ರಿ ಮೇಡಂ, ಗಾಜಿನಂಗ ಐತಿ ಅಂದ. ಕೈ ಬೇಡ, ಚಪ್ಪಲಿ ಬಿಡ್ರಿ ಅಂದೆ. ಈ ತುದಿಯಿಂದ ಆ ತುದಿಗೆ ನಡೀರಿ, ಬರಿಗಾಲಲ್ಲಿ. ನಾಹೀದಾ ಇಟ್ಟಂತೆ ಹೆಜ್ಜೆ ಇಡ್ರಿ.

ನಡೆದ. ಪ್ಯಾಂಟು ಮಡಚಿಕೊಂಡು, ತಲೆ ಬಗ್ಗಿಸಿಕೊಂಡು. ನುಣುಪಿತ್ತು, ಮೊದಲ ಸಲಕ್ಕೇ ಗೊತ್ತಾಯಿತು. ಇನ್ನೊಂದು ಸಲ ಅಂದೆ. ನಡೆದ. ಗೋಡೆಯ ಪಕ್ಕಕ್ಕೆ ಅಂದೆ. ಅಲ್ಲೂ ನಡೆದ. ಬಿಸಿಲಿಗೆ ಗಿಲಾವು ಕಾದಿತ್ತು, ಕಾಲು ಎತ್ತೆತ್ತಿ ಇಡುತ್ತಿದ್ದ. ನಾಹೀದಾ ಸಾಕು ಸುನಿತಕ್ಕಾ ಅಂದಳು. ಹಂಪವ್ವ ಕೂಡ ಮುಖ ತಿರುಗಿಸಿದಳು. ನನಗೂ ಸಾಕೆನಿಸಿತು ಅಂತ ಬರೆಯಬೇಕು. ಇಲ್ಲ, ಅನಿಸಲಿಲ್ಲ.

ಆದರೂ ಪಾಸು ಅನ್ನಲು ಬಾಯಿ ತೆಗೆದೆ. ಅಷ್ಟರಲ್ಲಿ ಸಾಲಿನ ಕೊನೆಯಿಂದ ಆ ಹೊಸ ಮುಖ ಎದ್ದು ನಿಂತಿತು. ಮಲ್ಲೇಶ್ವರಿ. ಈಜು ಕಲಿಯಲು ಬಂದಿದ್ದಾಳೆ, ಕೈಯಲ್ಲಿ ಹೊಸ ಟವಲು.

"ಇನ್ನೊಂದ ಸಲ ನಡಸ್ರಿ ಮೇಡಂ," ಅಂದಳು. "ತುದೀಗೆ ಕೂತಿದ್ದೆ, ನನಗ ಸರಿಯಾಗಿ ಕಾಣಲಿಲ್ಲ."

ಪ್ರಭುರಾಜ ನನ್ನನ್ನು ನೋಡಿದ. ನಾನು ಅವಳನ್ನು ನೋಡಿದೆ. ಆಮೇಲೆ ಅವನ ಕಡೆ ತಿರುಗಿ ಅಂದೆ: ಇನ್ನೊಂದು ಸಲ.