ಫಿಲಿಪೋ ಮಾವ ಅಂದ ‘ಹೌದು’

ಅಪಿಯಾ
ಶನಿವಾರ, ಆಗಸ್ಟ್ 10

ಪ್ರೀತಿಯ ಅಪ್ಪಾ,

ಹೇಗಿದ್ದೀಯ? ಆಕ್ಲೆಂಡಿನ ಚಳಿಗೆ ನಿನ್ನ ಮಂಡಿನೋವು ಜಾಸ್ತಿಯಾಗಿರಬೇಕು. ಉಣ್ಣೆಯ ಕಾಲುಚೀಲ ಇಲ್ಲೇ ಬಿಟ್ಟು ಹೋಗಿದ್ದೀಯ. ಅಮ್ಮ ಅವನ್ನು ಒಗೆದಳು, ಮಡಿಸಿದಳು, ಮತ್ತೆ ಬಿಚ್ಚಿ ಮತ್ತೆ ಒಗೆದಳು. ನಿದ್ದೆ ಬರುತ್ತಿದೆಯಾ? ನಮ್ಮ ಜೊತೆ ಫೋನಿನಲ್ಲಿ ಮಾತಾಡಬಾರದು ಎಂದು ಕಂಪನಿಯವರು ನಿನಗೆ ತಾಕೀತು ಮಾಡಿದ್ದಾರಂತೆ, ಅದಕ್ಕೇ ಈ ಕಾಗದ. ಪಾದ್ರಿಗಳ ತಂಗಿ ನಾಳೆ ಅಲ್ಲಿಗೆ ಹೊರಟಿದ್ದಾರೆ, ಅವರ ಕೈಯಲ್ಲಿ ಕಳಿಸುತ್ತೇನೆ. ನಾನು ಆರಾಮ. ಆರಾಮ ಎಂದರೆ ಊಟ ಮಾಡುತ್ತೇನೆ, ಕ್ಲಾಸಿಗೂ ಹೋಗುತ್ತೇನೆ. ಈ ವಾರ ನಮಗೆ ‘ಪರದೇಶದವರ ಜೊತೆ ವ್ಯವಹಾರ’ ಎಂಬ ಪಾಠ. ಜಪಾನಿನವರು ಕಾರ್ಡ್ ಕೊಟ್ಟರೆ ಎರಡೂ ಕೈಯಲ್ಲಿ ತೆಗೆದುಕೊಳ್ಳಬೇಕಂತೆ. ಎಲ್ಲರೂ ನಗುತ್ತಾ ಬರೆದುಕೊಂಡರು. ನಾನು ಪುಸ್ತಕ ಮುಚ್ಚಿ ಎದ್ದು ಹೊರಗೆ ಹೋದೆ. ಪರೀಕ್ಷೆಯಲ್ಲಿ ಇದು ಬಂದರೆ ಏನು ಬರೆಯಲಿ ಎಂಬುದೂ ಒಂದು ಭಯ. ನಗಬೇಡ.

ನಿನ್ನೆ ನಿಮ್ಮ ಕಂಪನಿಯ ಹುಡುಗ ತಾವಿತಾನ ಮಣ್ಣಾಯಿತು. ಪೆಟ್ಟಿಗೆಯನ್ನು ಕೊನೆಯವರೆಗೂ ತೆರೆಯಲಿಲ್ಲ. ಅದಕ್ಕೂ ಹಿಂದಿನ ದಿನ ನಾವು ನಿನಗೆ ಹೇಳದೆ ಒಂದು ಕೆಲಸ ಮಾಡಿದೆವು. ನಸುಕಿನಲ್ಲಿ ಅಮ್ಮ, ಫಿಲಿಪೋ ಮಾವ, ನಾನು, ಮೂವರೂ ತಾವಿತಾನ ಮನೆಯ ಅಂಗಳಕ್ಕೆ ಹೋಗಿ, ಇಲ್ಲಿಯ ಪದ್ಧತಿಯಂತೆ ಅಜ್ಜಿಯ ನಯವಾದ ಚಾಪೆಯನ್ನು ತಲೆಯ ಮೇಲಿಂದ ಹೊದ್ದು ಕೂತೆವು. ಮುಂದೆ ಸೌದೆ, ಕಲ್ಲು ಇಟ್ಟಿದ್ದೆವು. ಮನಸ್ಸಿದ್ದರೆ ಕ್ಷಮಿಸಿ, ಇಲ್ಲದಿದ್ದರೆ ನಮ್ಮನ್ನೇ ಬೇಯಿಸಿಕೊಳ್ಳಿ ಎಂದು. ಕಂಪನಿಯ ವಕೀಲರು ಮನೆಗೇ ಬಂದು ಬೇಡವೆಂದಿದ್ದರು. ‘ಕ್ಷಮೆ ಕೇಳಿದ್ರೆ ತಪ್ಪು ಒಪ್ಕೊಂಡ ಹಾಗಾಗುತ್ತೆ, ಮೇಡಂ’ ಎಂದರು. ಅಮ್ಮ ಅವರ ಲೋಟಕ್ಕೆ ಇನ್ನಷ್ಟು ಕೋಕೋ ಬಗ್ಗಿಸಿ, ‘ಕೇಳ್ದಿದ್ರೆ ಅವರು ನನ್ನ ತಮ್ಮನ್ನ ಕಡಿದುಹಾಕ್ತಾರೆ, ಸಾರ್’ ಎಂದಳು. ಅವರು ಅದನ್ನು ಗಾದೆಮಾತು ಎಂದುಕೊಂಡು ತಲೆಯಾಡಿಸಿದರು.

ಚಾಪೆಯ ಒಳಗೆ ಸೆಕೆ, ಕೊಬ್ಬರಿ ಎಣ್ಣೆಯ ವಾಸನೆ. ಏನೂ ಕಾಣುವುದಿಲ್ಲ, ಕೇಳಿಸುತ್ತದೆ ಅಷ್ಟೆ. ಇಂಗ್ಲಿಷ್ ಹಾಸ್ಟೆಲಿನ ವರ್ಷಗಳು ನನ್ನ ಸಮೋವಾ ಮಾತನ್ನು ಅರ್ಧ ತಿಂದುಹಾಕಿವೆ, ಆದರೂ ಬೈಗುಳ ಒಂದೂ ಬಿಡದೆ ಅರ್ಥವಾಯಿತು. ‘ಮೂರೇ ತಲೆ ಇವೆಯಲ್ರೋ! ಆ ಬಿಳಿಯ ಎಲ್ಲಿ? ವಿಮಾನದಲ್ಲಿ ಕಂಬಳಿ ಹೊದ್ಕೊಂಡು ಕೂತಿದಾನಾ?’ ಯಾರೋ ನಕ್ಕರು. ತಾವಿತಾನ ಅಣ್ಣ ಕತ್ತಿಯ ತುದಿಯನ್ನು ಜಲ್ಲಿಯ ಮೇಲೆ ಎಳೆಯುತ್ತಾ ನಮ್ಮ ಸುತ್ತ ನಡೆಯುತ್ತಿದ್ದ. ಆ ಸದ್ದು ನನ್ನ ಬೆನ್ನ ಹಿಂದೆ ಬಂದಾಗಲೆಲ್ಲ ನಾನು ಇಂಗ್ಲಿಷಿನಲ್ಲಿ ಪ್ರಾರ್ಥನೆ ಮಾಡಿದೆ. ಕೇಳಿಸೀತು ಎಂದು ಅದನ್ನೂ ನಿಲ್ಲಿಸಿದೆ.

ಬಿಸಿಲೇರಿದ ಮೇಲೆ ತಾವಿತಾನ ತಾಯಿ ಲೋಸಾ ಬಂದು ಚಾಪೆಯ ಹೊರಗೇ ಕೂತರು. ‘ಫಿಲಿಪೋ, ಯಂತ್ರ ಹಾಕೋ ಮುಂಚೆ ಆ ಬಿಳಿಯ ನಿನ್ನ ಏನಂತ ಕೇಳ್ದ? ಇದ್ದದ್ದು ಇದ್ದ ಹಾಗೆ ಹೇಳು.’

‘“ಹುಡುಗರು ಐಸ್ ಕೋಣೆಯಿಂದ ಹೊರಗೆ ಬಂದಿಲ್ವಾ?” ಅಂದ್ರು, ಅಕ್ಕಾ.’

‘ನೀನೇನಂದೆ?’

‘ಹೌದು ಅಂದೆ.’

‘ಬಂದಿಲ್ಲ ಅಂತ ತಾನೆ?’

‘ಮತ್ತಿನ್ನೇನಕ್ಕಾ? ನನ್ನ ಕಣ್ಣ ಮುಂದೇನೇ ತಾವಿತಾ ಒಳಗೆ ಹೋಗಿದ್ದ.’

ಜಲ್ಲಿಯ ಮೇಲಿನ ಸದ್ದು ನಿಂತಿತು. ಅಂಗಳದಲ್ಲಿದ್ದ ಒಬ್ಬರಿಗೂ ಅದನ್ನು ಬಿಡಿಸಿ ಹೇಳಬೇಕಾಗಲಿಲ್ಲ. ಇಂಗ್ಲಿಷಿನವರ ಕಿವಿಯಲ್ಲಿ ಮಾತ್ರ ಆ ‘ಹೌದು’ ‘ಬಂದಿದ್ದಾರೆ’ ಎಂದಾಗುತ್ತದೆ. ನಿನ್ನ ಕಿವಿಯಲ್ಲಿ ಹಾಗಾಯಿತು, ನೀನು ಐಸ್ ಪುಡಿಮಾಡುವ ಯಂತ್ರದ ಸ್ವಿಚ್ ಒತ್ತಿದೆ. ನೀವಿಬ್ಬರೂ ಸುಳ್ಳು ಹೇಳಿಲ್ಲ ಅಪ್ಪಾ. ನನ್ನ ತಲೆಯಲ್ಲಿ ಎರಡು ಭಾಷೆಯೂ ಇರುವುದರಿಂದ ಆ ಮಾತು ತಿರುಗಿ ತಿರುಗಿ ಕೇಳಿಸುತ್ತದೆ. ಒಂದು ಸಲ ತಾವಿತಾ ಹೊರಗಿರುತ್ತಾನೆ, ಇನ್ನೊಂದು ಸಲ ಒಳಗಿರುತ್ತಾನೆ. ಮನೆಯಲ್ಲೂ ನೀನು ಕೇಳುವುದು ಹಾಗೆಯೇ ಅಲ್ಲವಾ? ‘ಅಡುಗೆ ಆಗಿಲ್ವಾ?’ ಅನ್ನುತ್ತೀಯ, ಅಮ್ಮ ‘ಹೂಂ’ ಅನ್ನುತ್ತಾಳೆ, ನೀನು ಬಂದು ಖಾಲಿ ತಟ್ಟೆಯ ಮುಂದೆ ಕೂರುತ್ತೀಯ, ನಾವು ಬಿದ್ದು ಬಿದ್ದು ನಗುತ್ತೇವೆ. ಯಂತ್ರದ ಪಕ್ಕ ನಿಂತೂ ನೀನು ಹಾಗೇ ಕೇಳುತ್ತೀಯ ಎಂದು ಯಾರಿಗೂ ಹೊಳೆಯಲಿಲ್ಲ. ನಿಮ್ಮ ಕಂಪನಿಯಲ್ಲಿ ಹೆಲ್ಮೆಟ್ಟಿಗೆ ಪಾಠವಿತ್ತು, ಬೂಟಿಗೆ ಪಾಠವಿತ್ತು.

ಲೋಸಾ ಮೊದಲು ಮಾವನ ಮೇಲಿಂದ, ಆಮೇಲೆ ಅಮ್ಮನ ಮೇಲಿಂದ ಚಾಪೆ ಸರಿಸಿದರು. ಮಾವನನ್ನು ತಬ್ಬಿಕೊಂಡು ಅತ್ತರು. ಕೊನೆಗೆ ನನ್ನ ಮೇಲಿಂದ ತೆಗೆದು ಮುಖ ನೋಡಿದರು. ‘ಮೂಗು ನಿಮ್ಮಪ್ಪನದೇ’ ಎಂದರು. ಚಾಪೆಯನ್ನು ಮಡಿಸುತ್ತಾ, ‘ಅವನೂ ಬಂದು ಕೂತಿದ್ರೆ ಅವನ ಮೇಲಿಂದಾನೂ ಎತ್ತಿಬಿಡ್ತಿದ್ದೆ ಮಗಾ. ಎತ್ತೋಣ ಅಂತಾನೇ ಬೆಳಗಿನಿಂದ ಮನಸ್ಸು ಗಟ್ಟಿ ಮಾಡ್ಕೊಂಡಿದ್ದೆ’ ಎಂದರು. ಇದನ್ನು ನಿನಗೆ ಬರೆಯಬಾರದು ಎಂದು ಅಮ್ಮ ಹೇಳಿದ್ದಾಳೆ.

ನಿನ್ನ ಮೇಲೆ ಸಿಟ್ಟಿಲ್ಲ ಎಂದು ಬರೆ ಎಂದೂ ಹೇಳಿದ್ದಾಳೆ. ಬರೆದಿದ್ದೇನೆ. ಸಂಜೆಯ ಪ್ರಾರ್ಥನೆಯಲ್ಲಿ ತಾವಿತಾನ ಹೆಸರು ಹೇಳಿದ ಮೇಲೆ ನಿನ್ನದನ್ನೂ ಹೇಳುತ್ತೇವೆ. ಮಂಡಿಗೆ ಎಣ್ಣೆ ಹಚ್ಚಿಕೋ. ದೇವರು ನಿನ್ನನ್ನು ಒಬ್ಬಂಟಿಯಾಗಿ ಬಿಡದಿರಲಿ.

ನಿನ್ನ
ಮೆಲೆ

ತಾ.ಕ.: ಅಪ್ಪಾ, ಇದನ್ನು ಠಾಣೆಯ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ, ಅಕ್ಷರ ನೋಡಬೇಡ. ಲಕೋಟೆ ಅಂಟಿಸುವಷ್ಟರಲ್ಲಿ ಪೊಲೀಸರು ಬಂದು ಫಿಲಿಪೋ ಮಾವನನ್ನು ಕರೆತಂದರು. ನೀನು ‘ಎಲ್ಲರೂ ಹೊರಗೆ ಬಂದರಾ?’ ಎಂದು ಕೇಳಿದೆಯಂತೆ, ಮಾವ ‘ಹೌದು’ ಎಂದನಂತೆ, ಹಾಗಾಗಿ ಸಾವಿಗೆ ಅವನೇ ಹೊಣೆಯಂತೆ. ಕಂಪನಿ ಹೀಗೆ ಹೇಳಿದೆ. ಆ ಮಾತು ಕೇಳಿಸುವಷ್ಟು ಹತ್ತಿರ ಇದ್ದದ್ದು ನೀವಿಬ್ಬರೇ. ಮಾವನ ಮಾತನ್ನು ಇವರು ನಂಬುತ್ತಿಲ್ಲ. ಗುರುವಾರ ವಿಚಾರಣೆ. ನೀನು ಪ್ರಶ್ನೆ ಕೇಳುವ ರೀತಿ ಯಾವುದು ಎಂದು ಹೇಳಲು ನಾನು ಒಪ್ಪಿಕೊಂಡೆ. ಯಾರ ಕಡೆಯ ಸಾಕ್ಷಿ ಎಂದರು. ಇಬ್ಬರ ಕಡೆಯೂ ಎಂದೆ. ಹಾಗೆ ಬರೆಯಲು ಬರುವುದಿಲ್ಲವಂತೆ. ಮಾವನ ಕಡೆ ಎಂದು ಬರೆಸಿದ್ದೇನೆ. ನೀನೇ ಬಂದು ಹೇಳಿದರೆ ನನ್ನ ಹೆಸರನ್ನು ಹೊಡೆದುಹಾಕುತ್ತಾರಂತೆ. ಬುಧವಾರದವರೆಗೂ ವಿಮಾನಗಳಿವೆ.