ಮದ್ರಾ ಬೀಳದ ಎಲೆ

ಕಾಂಗಡಾ
ಮಾಘ ೯, ಗುರುವಾರ

ಮಗಳು ತ್ರಿಪ್ತಾಳಿಗೆ ನಿನ್ನ ಅಪ್ಪ ಮಾಡುವ ಆಶೀರ್ವಾದ.

ನಿನ್ನ ಕಾಗದ ತಲುಪಿ ತಿಂಗಳಾಯಿತು. ಉತ್ತರ ಬರೆಯಲು ಕೂತಾಗಲೆಲ್ಲ ಕೈ ಹಿಂಜರಿಯಿತು, ತಡವಾದುದಕ್ಕೆ ಬೇಸರಿಸಬೇಡ. ಈ ಸಲ ಹಿಮ ನಮ್ಮ ಮೇಲಿನ ಹೊಲದವರೆಗೂ ಇಳಿದಿದೆ. ನಿನ್ನ ಅಮ್ಮನಿಗೆ ಮೊಣಕಾಲು ನೋವು. ನಾಲಿಗೆ ಮಾತ್ರ ಗಟ್ಟಿಯಾಗಿದೆ.

ಫಾಲ್ಗುಣದಲ್ಲಿ ಮೊಮ್ಮಗಳು ರಿಂಪಿಯ ಮದುವೆ, ಪಂಕ್ತಿಗೆ ಬಡಿಸುವ ಧಾಮದ ಊಟ ಬೇಯಿಸಲು ಯಾವ ಬೋಟಿ ಬ್ರಾಹ್ಮಣನೂ ನಮ್ಮ ಅಂಗಳಕ್ಕೆ ಬರಲು ಒಪ್ಪುತ್ತಿಲ್ಲ, ನೀವೇ ಬಂದು ಮಾಡಿಕೊಡಿ ಎಂದು ಬರೆದಿದ್ದೀಯ. ನಿನ್ನ ಚಿಕ್ಕಪ್ಪ ಗ್ಯಾನಚಂದನಿಗೆ ಹೇಳಿದೆ. "ಬಿದಿರು ಹೆಣೆಯೋರ ಅಂಗಳದಲ್ಲಿ ಒಲೆ ಹೂಡಿದ್ರೆ ಆಮೇಲೆ ನಮ್ಮ ಪಾತ್ರೆ ಮುಟ್ಟೋಕೆ ಬರಬೇಡ, ಅಣ್ಣಾ" ಅಂದ. ನಾವು ಅನ್ನ ಬಸಿಯುವ ಬುಟ್ಟಿಗಳೆಲ್ಲ ನಿನ್ನ ಗಂಡ ದೇಸರಾಜನ ಅಪ್ಪ ಹೆಣೆದವೇ ಅಲ್ಲವೇ ಎಂದು ಕೇಳಿದೆ. ಬುಟ್ಟಿ ಬೇರೆ, ಮನುಷ್ಯ ಬೇರೆ ಎಂದು ಎದ್ದು ಹೋದ. ಅದೇ ಮಾತನ್ನು ನಾನೂ ಎಷ್ಟೋ ವರ್ಷ ಆಡಿದ್ದೇನೆ.

ಅವನ ಬೆದರಿಕೆಗೆ ನಾನು ಹೆದರಿಲ್ಲ. ಸಂಗತಿ ಬೇರೆ ಇದೆ. ಹೋದ ಚಳಿಗಾಲದ ಜ್ವರದಲ್ಲಿ ನನ್ನ ಮೂಗು ಸತ್ತುಹೋಯಿತು. ದೇವರಿಗೆ ಎಡೆಯಾಗುವ ಮೊದಲು ಬೋಟಿ ರುಚಿ ನೋಡುವಂತಿಲ್ಲವಲ್ಲ, ನಲವತ್ತೈದು ವರ್ಷ ಉಪ್ಪು ಹುಳಿಯನ್ನೆಲ್ಲ ಮೂಗಿನಿಂದಲೇ ಅಳೆದವನು ನಾನು. ಯಾರಿಗೂ ಹೇಳದೆ ಮುಚ್ಚಿಟ್ಟೆ. ಈ ಮಾರ್ಗಶಿರದ ಒಂದು ಮದುವೆಯಲ್ಲಿ ಮೊಸರಿನ ಮದ್ರಾ ತಳ ಹಿಡಿದು, ಕಡಲೆ ಸೀದುಹೋದರೂ ನನಗೆ ತಿಳಿಯಲಿಲ್ಲ. ನಗುನಗುತ್ತ ಬಡಿಸಿದೆ. ಜನ ಒಂದು ತುತ್ತು ಬಾಯಿಗಿಟ್ಟು ಉಳಿದದ್ದನ್ನು ಎಲೆಯ ಅಂಚಿಗೆ ಸರಿಸಿದರು. ಕೊನೆಗೆ ಒಬ್ಬ ಮುದುಕಿ, "ಪಂಡಿತ್ರೇ, ಇದನ್ನ ನೀವು ತಿಂತೀರಾ?" ಅಂತ ಕೇಳಿದಳು. ಅಂದೇ ಸೌಟು ಕೆಳಗಿಟ್ಟೆ.

ತಿನ್ನಲಾಗದ ಎಲೆಯ ಮುಂದೆ, ಪಂಕ್ತಿ ಏಳುವವರೆಗೂ ಕಾದು ಕೂತ ಆ ಜನರನ್ನು ಕಂಡಾಗ ನೀನು ನೆನಪಾದೆ. ಹದಿನೇಳು ವರ್ಷದ ಹಿಂದೆ ಗ್ಯಾನಚಂದನ ಮಗನ ಮದುವೆಯಲ್ಲಿ ನೀನು ಗಂಡ, ಮಗುವಿನ ಜೊತೆ ಪಂಕ್ತಿಯಲ್ಲಿ ಕೂತಿದ್ದೆ. ನಾನು ನಿಮ್ಮ ಮೂರು ಎಲೆಗಳನ್ನು ದಾಟಿ ಮುಂದಿನವರಿಗೆ ಬಡಿಸಿದೆ. ಮದ್ರಾ ಬಂದಾಗ ದಾಟಿದೆ, ರಾಜ್ಮಾ ಬಂದಾಗ ದಾಟಿದೆ, ಸಿಹಿ ಅನ್ನಕ್ಕೂ ದಾಟಿದೆ. ನಡುವೆ ಎದ್ದರೆ ಇಡೀ ಪಂಕ್ತಿಗೆ ಅವಮಾನ ಎಂದು ನಿನಗೆ ಕಲಿಸಿದವನೂ ನಾನೇ. ನೀನು ಬರೀ ಎಲೆಯ ಮುಂದೆ ಬೆನ್ನು ನೆಟ್ಟಗಿಟ್ಟು ಕೊನೆಯವರೆಗೂ ಕೂತೆ. ನನಗೆ ನಾಚಿಕೆಯಾಗುತ್ತದೆ, ಮಗಳೇ.

ಬರುತ್ತೇನೆ. ಆದರೆ ಸೌಟು ನಿನ್ನ ಕೈಯಲ್ಲಿರಲಿ. ಹೆಂಗಸರಿಗೆ ಧಾಮದ ಒಲೆಯ ಹತ್ತಿರ ಕೆಲಸವಿಲ್ಲ ಎಂದು ಚಿಕ್ಕಂದಿನಲ್ಲಿ ನಿನ್ನನ್ನು ಅಟ್ಟುತ್ತಿದ್ದೆ. ನೀನು ಬೇಲಿಯಾಚೆ ನಿಂತು ಎಲ್ಲವನ್ನೂ ಕಲಿತದ್ದು ನನಗೆ ಗೊತ್ತಿತ್ತು. ಮೊಸರು ಕುದಿ ಬರುವ ತನಕ ಕೈ ನಿಲ್ಲಿಸಬೇಡ. ನಾನು ಸೌದೆ ಒಡ್ಡುತ್ತ ಕೂರುತ್ತೇನೆ. ಊಟಕ್ಕೆ ಪಂಕ್ತಿಯ ಕೊನೆಯಲ್ಲಿ ನನಗೂ ಒಂದು ಎಲೆ ಹಾಕು. ನೀನು ದಾಟಿಕೊಂಡು ಹೋದರೂ ನಡುವೆ ಏಳುವುದಿಲ್ಲ.

ದೇಸರಾಜನಿಗೂ ರಿಂಪಿಗೂ ನನ್ನ ಆಶೀರ್ವಾದ. ದೇವಿ ನಿಮ್ಮ ಮನೆಯನ್ನು ತುಂಬಿಡಲಿ.

ನಿನ್ನ ಅಪ್ಪ,
ಬಿಧಿಚಂದ

ತಾ.ಕ.: ನಿನಗೆ ಗೊತ್ತಿಲ್ಲದ್ದು ಒಂದಿದೆ. ಅಂದು ಪಂಕ್ತಿ ಎದ್ದ ಮೇಲೆ, ನೀವು ಹೊರಡುವ ಗಡಿಬಿಡಿಯಲ್ಲಿದ್ದಾಗ, ರಿಂಪಿ ತನ್ನ ಎಲೆ ಹಿಡಿದು ಒಲೆಯ ಹತ್ತಿರ ಬಂದು ನನ್ನ ಧೋತಿ ಜಗ್ಗಿದಳು. "ತಾತಾ, ನನ್ನ ಎಲೆಗೆ ಬಡಿಸೋದನ್ನ ನೀನು ಮರೆತೇಬಿಟ್ಟೆ" ಅಂದಳು. ನಾನು ಹಿತ್ತಲಿಗೆ ಹೋಗಿ, ಮೈಲಿಗೆಯಾಯಿತೆಂದು ತಲೆಯ ಮೇಲೆ ನೀರು ಸುರಿದುಕೊಂಡೆ. ತಿರುಗಿದರೆ ಹಿಂದೆಯೇ ನಿಂತಿದ್ದಳು. "ಚಳಿ ಆಗಲ್ವಾ ತಾತಾ?" ಅಂತ ಕೇಳಿದಳು. ಆಗ ಅವಳಿಗೆ ಐದು ವರ್ಷ, ನೆನಪಿದ್ದರೂ ಇರಬಹುದು. ನಾನು ಹೊರಡುವ ಮುಂಚೆ ಅವಳನ್ನು ಒಂದು ಮಾತು ಕೇಳು. ಬೇಡವೆಂದರೆ ನಾನು ಬರುವುದಿಲ್ಲ.